ಇದ್ದಿಲೋ, ಮರಳೋ, ಮಡಕೆಯೋ: ಹಳೆಯದರ ವಯಸ್ಸು ತಿಳಿಯಲು ಯಾವ ದಾರಿ?

ಹದಿನೈದು ದಿನದೊಳಗೆ ಮೂರು ಜನ ಒಂದೇ ಮಾತು ಹಿಡಿದುಕೊಂಡು ಬಂದರು: ಕಾರ್ಬನ್ ಡೇಟಿಂಗ್ ಮಾಡಿಸಬೇಕು, ಎಲ್ಲಿ ಮಾಡುತ್ತಾರೆ?

ಮೊದಲು ಬಂದವಳು ಹಾವೇರಿ ಕಡೆಯ ಹುಡುಗಿ. ಇಲ್ಲೇ ಪುಣೆಯಲ್ಲಿ ಪುರಾತತ್ವದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ನಮ್ಮ ವಿಶ್ರಾಂತವಾಡಿಯ ಅಮೃತತುಲ್ಯ ಚಹಾದಂಗಡಿಯಲ್ಲಿ ಕೂತು ಒಂದು ಪಟ್ಟಿ ಮುಂದಿಟ್ಟಳು. "ಸರ, ಮೂರ ಸ್ಯಾಂಪಲ್ಲಿಗೆ ಆಗೂವಷ್ಟ ರೊಕ್ಕ ಮಂಜೂರಾಗೇತ್ರಿ. ನನ್ನ ಕಡೆ ಒಂಬತ್ತ ಅದಾವ. ಯಾವ್ ಕಳಸ್ಲಿ?" ಇದ್ದಿಲು ಮೂರು, ಸುಟ್ಟ ಹುರುಳಿಕಾಳು ಒಂದು ಡಬ್ಬಿ, ಗೋರಿಯ ಎಲುಬು, ಮಡಕೆಚೂರು ಎರಡು, ಹೊಳೆಯ ಬಸವನಹುಳುವಿನ ಚಿಪ್ಪು, ಊರಿನ ಪದರದ ಕೆಳಗಿನ ಮರಳು.

ಎರಡನೆಯವರು ಸದಾಶಿವ ಪೇಟೆಯ ಹಳೇ ವಾಡೆಯಲ್ಲಿ ಮೂರು ತಲೆಮಾರಿನಿಂದ ಇರುವ ನಮ್ಮ ಕನ್ನಡದ ಹಿರಿಯರು. ವಾಡೆ ಬಿಲ್ಡರ್ ಕೈಗೆ ಹೋಗುತ್ತಿದೆ. ಅದರ ಸಾಗವಾನಿ ತೊಲೆ ಪೇಶ್ವೆ ಕಾಲದ್ದು ಎಂದು ಯಾರಾದರೂ ಬರೆದುಕೊಟ್ಟರೆ ಒಳ್ಳೆಯ ಬೆಲೆ ಬರುತ್ತದೆ ಎಂಬ ಲೆಕ್ಕ ಅವರದು. ಮೂರನೆಯವನು ವಾಸ್ಕೋದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ. ಗೋವಾದ ತಾಂಬಡಿ ಸುರ್ಲಾದ ಮಹಾದೇವ ಗುಡಿ ನೋಡಿ ಬಂದವನೇ ಫೋನು ಮಾಡಿದ. "ಮಾಮಾ, ಹನ್ನೆರಡನೇ ಶತಮಾನ ಅಂತಾರ, ಹದಿಮೂರು ಅಂತಾರ. ಕಲ್ಲನ್ನ ಕಾರ್ಬನ್ ಡೇಟಿಂಗ್ ಮಾಡಿದ್ರ ಮುಗೀತಲ್ಲ?"

ನಾನು ವಿಜ್ಞಾನಿಯಲ್ಲ. ಮೂವತ್ತು ವರ್ಷ ಅಗೆತದ ಗುಂಡಿಗಳಲ್ಲಿ ಪದರಗಳ ನಕ್ಷೆ ಬರೆದು, ಸ್ಯಾಂಪಲ್ ಕಟ್ಟಿ, ಲ್ಯಾಬಿನಿಂದ ಬಂದ ಕಾಗದ ಓದಿ, ಕೆಲವೊಮ್ಮೆ ತಲೆ ಚಚ್ಚಿಕೊಂಡವನು. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ ಎಂದು ಈ ಮೂವರಿಗೂ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ್ದು

ಯಾವ ಘಟನೆಯ ಕಾಲ ಬೇಕು? ಇದೊಂದು ತೀರ್ಮಾನವಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಲೋಣಾವಳಾ ಹತ್ತಿರದ ಬೌದ್ಧ ಗುಹೆ ಕಾರ್ಲಾ ಚೈತ್ಯದ ಒಳಗೆ ಹೋಗಿ ತಲೆ ಎತ್ತಿ ನೋಡಿ. ಕಲ್ಲಿನ ಕಮಾನಿಗೆ ಕೂಡಿಸಿದ ಮರದ ಪಕ್ಕೆಗಳು ಎರಡು ಸಾವಿರ ವರ್ಷ ಕಳೆದರೂ ಹಾಗೇ ಇವೆ. ಆ ಮರದ ಒಂದು ಚೂರಿಗೆ ಎಷ್ಟು ಕಾಲಗಳಿವೆ ಎಣಿಸಿ. ಆ ಉಂಗುರ ಬೆಳೆದ ವರ್ಷ, ಮರ ಕಡಿದ ವರ್ಷ, ಬಡಗಿ ಕೆತ್ತಿದ ವರ್ಷ, ಕಮಾನಿಗೆ ಏರಿಸಿದ ವರ್ಷ. ಇಂಗಾಲದ ಅಳತೆ, ಅಂದರೆ ಕಾರ್ಬನ್ ಡೇಟಿಂಗ್, ಕೊಡುವುದು ಮೊದಲನೆಯದನ್ನು ಮಾತ್ರ. ನಮಗೆ ಬೇಕಾದ್ದು ಕೊನೆಯದು. ಮರ ಇನ್ನೂರು ವರ್ಷ ಬದುಕಿದ್ದರೆ, ತಿರುಳಿನ ಕಡೆಯ ಚೂರು ಇನ್ನೂರು ವರ್ಷ ಹಿಂದಕ್ಕೆ ಹೇಳುತ್ತದೆ. ಲ್ಯಾಬಿನವರ ಅಳತೆ ತಪ್ಪಿರುವುದಿಲ್ಲ, ನಾವು ಕೊಟ್ಟ ಚೂರಿನ ವಯಸ್ಸನ್ನು ಸರಿಯಾಗೇ ಹೇಳಿರುತ್ತಾರೆ.

ಕೈಯಲ್ಲಿ ಏನಿದೆ ಎನ್ನುವುದು ಆಮೇಲಿನ ಮಾತು. ಜೀವ ಇದ್ದದ್ದೋ, ಬೆಂಕಿ ಕಂಡದ್ದೋ, ಬಿಸಿಲು ಕಂಡದ್ದೋ, ಬರೀ ಕಲ್ಲೋ? ಅದರ ಜೊತೆಗೆ ಅದು ಸುಮಾರು ಎಷ್ಟು ಹಳೆಯದು ಎಂಬ ಅಂದಾಜೂ ಬೇಕು. ವಯಸ್ಸು ತಿಳಿಯಲು ಹೊರಟವರಿಗೆ ವಯಸ್ಸು ಮೊದಲೇ ಗೊತ್ತಿರಬೇಕೇ ಎಂದು ನಗಬೇಡಿ. ಚಿನ್ನ ತೂಗುವ ತಕ್ಕಡಿಯಲ್ಲಿ ಜೋಳದ ಚೀಲ ಇಡುವುದಿಲ್ಲವಲ್ಲ, ಹಾಗೆ. ಉತ್ತರ ಎಷ್ಟು ಬಿಗಿಯಾಗಿರಬೇಕು ಎನ್ನುವುದು ಮತ್ತೊಂದು. "ಶಾತವಾಹನರಿಗಿಂತ ಹಿಂದಿನದೇ?" ಎಂದರೆ ಇನ್ನೂರು ವರ್ಷದ ಅಳ್ಳಕ ನಡೆಯುತ್ತದೆ. "ಯಾವ ರಾಜನ ಕಾಲ?" ಎಂದರೆ ನಡೆಯುವುದಿಲ್ಲ.

ಕೊನೆಗೆ ದುಡ್ಡು, ಮತ್ತು ಎಷ್ಟು ಕಳೆದುಕೊಳ್ಳಲು ತಯಾರಿದ್ದೀರಿ ಎಂಬುದು. ಈ ಅಳತೆಗಳಲ್ಲಿ ಹೆಚ್ಚಿನವು ಸ್ಯಾಂಪಲ್ಲನ್ನು ಸುಟ್ಟು, ಕರಗಿಸಿ, ಪುಡಿ ಮಾಡಿ ನಡೆಯುತ್ತವೆ. ವಾಪಸ್ಸು ಬರುವುದು ಕಾಗದ ಮಾತ್ರ.

ಇಷ್ಟೆಲ್ಲ ಇದ್ದೂ, ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕ, ಎಷ್ಟು ಆಳದಲ್ಲಿ ಸಿಕ್ಕಿತು ಎಂಬ ಬರಹ ಇಲ್ಲದಿದ್ದರೆ ಖರ್ಚು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೊಲ ಉಳುವಾಗ ಸಿಕ್ಕ ಗಡಿಗೆಯನ್ನು ಮನೆಗೆ ತಂದು, ತೊಳೆದು, ಒರೆಸಿ, ಆಮೇಲೆ "ಇದರ ವಯಸ್ಸು ಹೇಳ್ರಿ" ಎನ್ನುವವರು ವರ್ಷಕ್ಕೆ ಇಬ್ಬರಾದರೂ ಸಿಗುತ್ತಾರೆ. ಸಿಕ್ಕದ್ದನ್ನು ಸಿಕ್ಕಲ್ಲೇ ಬಿಟ್ಟು ತಿಳಿಸಿದರೆ ಮಾತ್ರ ಹೇಳಲು ಏನಾದರೂ ಉಳಿದಿರುತ್ತದೆ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹತ್ತು ರೂಪಾಯಿಗೆ ಈಗ ಅರ್ಧ ಕಪ್ ಚಹಾ ಬರುತ್ತದೆ, ಆದರೂ ಕಾಯ್ದೆ ಹಾಗೇ ಇದೆ.

ಖರ್ಚಿಲ್ಲದ ದಾರಿ: ಪದರ, ಮಡಕೆ, ನಾಣ್ಯ, ಅಕ್ಷರ

ಲ್ಯಾಬಿಗೆ ಓಡುವ ಮೊದಲು ಇದನ್ನು ಮುಗಿಸಿ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಇಲಿಬಿಲವೋ ಕಸದ ಗುಂಡಿಯೋ ನಡುವೆ ಬಾರದಿದ್ದರೆ ಇದು ಸುಳ್ಳಾಗುವುದಿಲ್ಲ. ಮಡಕೆಯ ಬಾಯಿ, ಬಣ್ಣ, ಹೊಳಪು ಕಾಲಕಾಲಕ್ಕೆ ಬದಲಾಗುತ್ತವೆ. ಅನುಭವವಿದ್ದವರು ಒಂದು ಹಿಡಿ ಚೂರು ನೋಡಿ ಮುನ್ನೂರು ವರ್ಷದ ಅಂತರದೊಳಗೆ ಹೇಳುತ್ತಾರೆ, ಅದೂ ಒಂದು ಕಪ್ ಚಹಾದ ಖರ್ಚಿನಲ್ಲಿ.

ಶಾಸನ ಸಿಕ್ಕರಂತೂ ಹಬ್ಬ. ಬಾದಾಮಿಯ ಒಂದನೇ ಪುಲಕೇಶಿಯ ಬಂಡೆಗಲ್ಲಿನ ಮೇಲೆ ಶಕವರ್ಷ 465 ಎಂದಿದೆ. 78 ಕೂಡಿಸಿ: 543. ಯಾವ ಯಂತ್ರವೂ ಒಂದೇ ವರ್ಷಕ್ಕೆ ಇಷ್ಟು ಗಟ್ಟಿಯಾಗಿ ಬೆರಳಿಡಲಾರದು. ಹಲ್ಮಿಡಿ ಶಾಸನದಲ್ಲಿ ವರ್ಷವಿಲ್ಲ. ಅದನ್ನು ಸುಮಾರು 450 ಎನ್ನುವುದು ಮುಖ್ಯವಾಗಿ ಅಕ್ಷರದ ತಿರುವುಗಳ ಮೇಲೆ. ಅಕ್ಷರ ನಿಧಾನಕ್ಕೆ ಬದಲಾಗುವಂಥದು, ಹಾಗಾಗಿ ಈ ದಾರಿಯಲ್ಲಿ ಅರ್ಧ ಶತಮಾನದ ಅಳ್ಳಕ ಒಪ್ಪಿಕೊಂಡೇ ಹೊರಡಬೇಕು.

ಅಗ್ಗದ ದಾರಿ ಎಲ್ಲಿ ಕೈ ಕೊಡುತ್ತದೆ ಎನ್ನುವುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1947ರಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಇಂಗಾಲದ ವಿಧಾನ ಇನ್ನೂ ಹುಟ್ಟಿರಲಿಲ್ಲ. ಆತನ ಕೈಯಲ್ಲಿದ್ದದ್ದು ಮೇಲಿನ ಪದರದ ಮಡಕೆಗಳು. ಅಂಥವೇ ಮಡಕೆಗಳನ್ನು ಎರಡು ವರ್ಷದ ಹಿಂದೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ, ರೋಮಿನಿಂದ ಬಂದ ಸಾಮಾನಿನ ಜೊತೆ ನೋಡಿದ್ದ. ರೋಮಿನ ಸಾಮಾನಿನ ಕಾಲ ಗೊತ್ತು. ಅದನ್ನು ಮೊಳೆಯಾಗಿ ಹೊಡೆದು, ಕೆಳಗಿನ ಪದರಗಳನ್ನು ಅದಕ್ಕೆ ನೇತುಹಾಕಿದ. ಮೇಲಿನ ಪದರಕ್ಕೆ ಲೆಕ್ಕ ಸರಿಬಂತು. ಕೆಳಕ್ಕೆ ಹೋದಷ್ಟೂ ಹಗ್ಗ ಗಿಡ್ಡವಾಯಿತು: ದೊಡ್ಡಕಲ್ಲಿನ ಗೋರಿಗಳು ಕ್ರಿಸ್ತಪೂರ್ವ 200ರ ಆಸುಪಾಸಿನಿಂದ ಮುಂದೆ, ಕಲ್ಲುಕೊಡಲಿಯವರು ಬಹಳವೆಂದರೆ ಕ್ರಿಸ್ತಪೂರ್ವ 1000ದವರು. ಆಮೇಲೆ ಇಂಗಾಲದ ಅಳತೆ ಬಂತು. ಆ ಕಲ್ಲುಕೊಡಲಿಯವರೇ ಆದ, ಸಗಣಿ ಸುಟ್ಟ ಬೂದಿದಿಬ್ಬಗಳ ದನಗಾಹಿಗಳು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಸರಿದರು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಗೆದು ತೆಗೆದ ಇದ್ದಿಲು, ಕಬ್ಬಿಣವೇ ಕ್ರಿಸ್ತಪೂರ್ವ 1000ದ ಹೊತ್ತಿಗೆ ಬಂದಿತ್ತು ಎಂದು ಹೇಳಿತು.

ಆ ಇದ್ದಿಲನ್ನು ಅಳೆದದ್ದು ಮುಂಬೈಯಲ್ಲಿ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ಹಳೆಯ ವರದಿಗಳಲ್ಲಿ ಅಂಕಿಯ ಮುಂದೆ 'ಟಿಎಫ್' ಎಂದು ಕಂಡರೆ ಅದು ಅಲ್ಲಿನದು. 1970ರ ದಶಕದಲ್ಲಿ ಆ ಕೆಲಸ ಅಹಮದಾಬಾದಿನ ಪಿಆರ್‌ಎಲ್‌ಗೆ (ಭೌತ ಸಂಶೋಧನಾ ಪ್ರಯೋಗಾಲಯಕ್ಕೆ) ಹೋಯಿತು. ಯೆರವಡಾದ ಡೆಕ್ಕನ್ ಕಾಲೇಜಿನ ಅಗೆತ, ಮುಂಬೈಯ ಅಳತೆ, ಬಳ್ಳಾರಿ-ಧಾರವಾಡದ ಮಣ್ಣು. ನಮ್ಮ ಕರ್ನಾಟಕದ ಪ್ರಾಗಿತಿಹಾಸದ ಎಷ್ಟೋ ಭಾಗ ಈ ಮೂರು ಊರುಗಳ ನಡುವೆ ಓಡಾಡಿದೆ ಎಂದು ಇಲ್ಲಿ ಕೂತವನಿಗೆ ಸ್ವಲ್ಪ ಜಂಬ.

ಇಂಗಾಲ: ಎಲ್ಲರೂ ಕೇಳುವುದು ಇದನ್ನೇ

ಉಸಿರಿರುವ ತನಕ ಗಿಡ, ದನ, ಮನುಷ್ಯ ಎಲ್ಲರೂ ಗಾಳಿಯ ಇಂಗಾಲವನ್ನು ಒಳಗೆ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ ಇಂಗಾಲ-14 ಇರುತ್ತದೆ. ಸತ್ತ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ, ಮತ್ತೆ ಅಷ್ಟೇ ವರ್ಷಕ್ಕೆ ಕಾಲು. ಶಿಕಾಗೋದ ವಿಲಾರ್ಡ್ ಲಿಬ್ಬಿ 1949ರಲ್ಲಿ ಇದನ್ನು ತೋರಿಸಿಕೊಟ್ಟ, 1960ರಲ್ಲಿ ನೊಬೆಲ್ ಬಂತು. ಸುಮಾರು 50,000 ವರ್ಷದಾಚೆ ಅಳೆಯಲು ಏನೂ ಉಳಿದಿರುವುದಿಲ್ಲ.

ಇಲ್ಲಿ ಎರಡು ಬಗೆ. ಹಳೆಯ ಬಗೆಗೆ ಗ್ರಾಂಗಟ್ಟಲೆ ಇದ್ದಿಲು ಬೇಕು. ವೇಗವರ್ಧಕ ಯಂತ್ರದಲ್ಲಿ ಇಂಗಾಲ-14ರ ಪರಮಾಣುಗಳನ್ನೇ ಎಣಿಸುವ ಎಎಂಎಸ್ ಎಂಬ ಹೊಸ ಬಗೆಗೆ ಒಂದು ಮಿಲಿಗ್ರಾಂ ಇಂಗಾಲ ಸಾಕು, ಅಂದರೆ ಒಂದೇ ಹುರುಳಿಕಾಳು. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಈ ಯಂತ್ರವಿದೆ. ವಿದೇಶದ ಖಾಸಗಿ ಲ್ಯಾಬಿಗೆ ಕಳಿಸಿದರೆ ಒಂದೊಂದಕ್ಕೂ ಹತ್ತಾರು ಸಾವಿರ ರೂಪಾಯಿ. ದುಬಾರಿ ಅನಿಸಿದರೂ ನನ್ನ ಓಟು ಎಎಂಎಸ್‌ಗೇ. ಕಾರಣ ಅದರ ಅಳತೆ ಬಿಗಿ ಎನ್ನುವುದಕ್ಕಿಂತ, ಸ್ಯಾಂಪಲ್ ಆರಿಸುವ ಸ್ವಾತಂತ್ರ್ಯ ಕೊಡುತ್ತದೆ ಎನ್ನುವುದು. ಗ್ರಾಂಗಟ್ಟಲೆ ಬೇಕಾದಾಗ ಗುಂಡಿಯ ಮೂಲೆಮೂಲೆಯಿಂದ ಆಯ್ದು ಒಟ್ಟುಮಾಡಬೇಕಿತ್ತು. ಹಾಗೆ ಬೆರೆತ ಇದ್ದಿಲು ಯಾರ ವಯಸ್ಸನ್ನು ಹೇಳಬೇಕು?

ಆಯ್ಕೆಯಲ್ಲಿ ನನ್ನ ಕ್ರಮ ಇದು. ಮೊದಲ ಸ್ಥಾನ ಸುಟ್ಟ ಕಾಳಿಗೆ. ಹುರುಳಿ, ಹೆಸರು, ಕೊರಲೆ, ಯಾವುದಾದರೂ ಸರಿ. ಒಂದು ವರ್ಷ ಬೆಳೆದು, ಅದೇ ವರ್ಷವೋ ಮರುವರ್ಷವೋ ಒಲೆಗೆ ಬಿದ್ದದ್ದು, ಬೆಳೆದ ಕಾಲಕ್ಕೂ ಬಳಸಿದ ಕಾಲಕ್ಕೂ ಅಂತರವೇ ಇಲ್ಲ. ಬಳ್ಳಾರಿಯ ಸಂಗನಕಲ್ಲಿನ ಕಾಲಕ್ರಮವನ್ನು ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಮತ್ತೆ ಕಟ್ಟಿದಾಗ ಇಂಥ ಕಾಳುಗಳು ಬಹಳ ಕೆಲಸಕ್ಕೆ ಬಂದವು. ಕಾಳು ತೆಗೆಯುವುದು ನೋಡಲು ಚೆಂದ. ಡ್ರಮ್ಮಿನ ನೀರಿಗೆ ಮಣ್ಣು ಸುರಿದು ಕೈಯಾಡಿಸುತ್ತಾರೆ. ಅಕ್ಕಿ ಗಾಲಿಸಿದ ಹಾಗೆ, ಆದರೆ ಇಲ್ಲಿ ಬೇಕಾದ್ದು ತಳದ್ದಲ್ಲ, ಮೇಲೆ ತೇಲಿ ಬರುವ ಕಪ್ಪು. ಅದನ್ನು ನುಣುಪು ಜಾಲರಿಗೆ ಹಿಡಿದು ನೆರಳಿನಲ್ಲಿ ಒಣಗಿಸಿದರೆ, ಭೂತಗನ್ನಡಿಯ ಕೆಳಗೆ ಮೂರು ಸಾವಿರ ವರ್ಷದ ಹುರುಳಿ ಇವತ್ತಿನ ಹುರುಳಿಯಂತೆಯೇ ಮೂತಿ ಸೊಟ್ಟಗೆ ಮಾಡಿಕೊಂಡು ಕೂತಿರುತ್ತದೆ. ಎಚ್ಚರಿಕೆ ಒಂದೇ, ಕಾಳು ಸಣ್ಣದು, ಇಲಿ ಇರುವೆ ಎಳೆದೊಯ್ಯುತ್ತವೆ. ಒಲೆಯ ಒಳಗಿನದು ಅಥವಾ ಹಗೇವಿನ ತಳದಲ್ಲಿ ಗುಂಪಾಗಿ ಸಿಕ್ಕದ್ದಾದರೆ ನಂಬಬಹುದು, ಸಡಿಲ ಮಣ್ಣಿನ ಒಂಟಿ ಕಾಳನ್ನು ನಂಬಬೇಡಿ.

ಎರಡನೆಯದು ಒಲೆಯಲ್ಲಿ ಸುಟ್ಟ ಪುಳ್ಳೆ, ತೊಗಟೆ ಇರುವ ಸಣ್ಣ ಕಡ್ಡಿಯ ಇದ್ದಿಲು. ದೊಡ್ಡ ಕಂಬದ ಇದ್ದಿಲು ಆಮೇಲೆ. ಎಲುಬು ಇನ್ನೂ ಕೆಳಗೆ. ಅಳೆಯಲು ಬೇಕಾದ್ದು ಎಲುಬಿನೊಳಗಿನ ಕೊಲಾಜನ್ ಎಂಬ ಪ್ರೋಟೀನು, ನಮ್ಮ ಬಿಸಿಲು ಮಳೆಗೆ ಅದು ಕರಗಿ ಹೋಗಿರುವುದೇ ಹೆಚ್ಚು. ಮೊದಲು ಎಲುಬಿನಲ್ಲಿ ನೈಟ್ರೋಜನ್ ಎಷ್ಟಿದೆ ಎಂದು ನೋಡಿಸಿಕೊಂಡು, ಇದ್ದರೆ ಮಾತ್ರ ಮುಂದಿನ ಖರ್ಚು. ಹೊಳೆಯ ಚಿಪ್ಪು ಕೊನೆಗೆ: ಸುಣ್ಣಕಲ್ಲಿನ ನೀರಿನಿಂದ ಬಂದ ಹಳೇ ಇಂಗಾಲ ಸೇರಿ ತನ್ನ ವಯಸ್ಸನ್ನು ಹೆಚ್ಚಿಸಿ ಹೇಳುತ್ತದೆ. ಸಮುದ್ರದ ಚಿಪ್ಪಿಗೂ ಇದೇ ರೋಗ, ಸುಮಾರು ನಾನೂರು ವರ್ಷದಷ್ಟು, ಆದರೆ ಅದಕ್ಕೆ ತಿದ್ದುಪಡಿಯ ಲೆಕ್ಕ ಇದೆ.

ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನದಿ ದಂಡೆಯ ಒಂದು ಅಗೆತದಲ್ಲಿ ಪುಡಿಪುಡಿಯಾಗುತ್ತಿದ್ದ ತೋಳಿನ ಎಲುಬನ್ನು ಉಳಿಸಬೇಕೆಂದು ಅಂಟಿನ ದ್ರಾವಣವನ್ನು ಬ್ರಷ್ಷಿನಿಂದ ಬಳಿದೆ. ಎಲುಬು ಉಳಿಯಿತು. ಅಂಟು ಪೆಟ್ರೋಲಿಯಂನಿಂದ ಬಂದದ್ದು, ಅದರ ಇಂಗಾಲ ಕೋಟ್ಯಂತರ ವರ್ಷದ ಹಿಂದೆಯೇ ಸತ್ತದ್ದು. ವರ್ಷ ಕಳೆದು ಕಾಲ ತಿಳಿಯಬೇಕು ಎಂದಾಗ ಆ ಎಲುಬು ಯಾವ ಕೆಲಸಕ್ಕೂ ಬರಲಿಲ್ಲ. ಹಿರಿಯರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹಳೇ ಇಂಗಾಲ ಸೇರಿದರೆ ವಯಸ್ಸು ಏರುತ್ತದೆ, ಹೊಸತು ಸೇರಿದರೆ ಇಳಿಯುತ್ತದೆ. ಮೂರು ಸಾವಿರ ವರ್ಷದ ಇದ್ದಿಲಿಗೆ ಶೇಕಡಾ 1ರಷ್ಟು ಇವತ್ತಿನ ಇಂಗಾಲ ಬೆರೆತರೆ ಮೂವತ್ತು-ನಲವತ್ತು ವರ್ಷದ ತಪ್ಪು. ಅದೇ ಶೇಕಡಾ 1, ಲಕ್ಷಾಂತರ ವರ್ಷ ಹಳೆಯದಕ್ಕೆ ಬೆರೆತರೆ ಅದು 37,000 ವರ್ಷದ್ದು ಎಂದು ಕಾಣುತ್ತದೆ. ಹಳೆಯದಕ್ಕೆ ಮಡಿ ಜಾಸ್ತಿ ಬೇಕು.

ಇನ್ನು ಬಂದ ಕಾಗದ ಓದುವುದು. '2840±30 ಬಿಪಿ' ಎಂದರೆ ಇವತ್ತಿನಿಂದ 2,840 ವರ್ಷ ಹಿಂದೆ ಎಂದಲ್ಲ. ಬಿಪಿ (ಬಿಫೋರ್ ಪ್ರೆಸೆಂಟ್, ಇಂದಿಗಿಂತ ಹಿಂದೆ) ಎನ್ನುವುದು 1950ನ್ನು 'ಇಂದು' ಎಂದಿಟ್ಟುಕೊಂಡ ಲೆಕ್ಕ. (ಇದನ್ನು ವಿವರಿಸುವಾಗ ನನಗೆ ಇನ್ನೊಂದು ಬಿಪಿ ಏರುತ್ತದೆ.) ಆ 30 ಕೂಡ ಲಕ್ಷ್ಮಣರೇಖೆಯಲ್ಲ, ನಿಜವಾದ ಅಂಕಿ ಅದರೊಳಗೆ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಜೊತೆಗೆ, ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಮರದ ಉಂಗುರಗಳನ್ನು ಅಳೆದು ಮಾಡಿದ ತಿದ್ದುಪಡಿ ರೇಖೆಯ ಮೇಲಿಟ್ಟು ನಮ್ಮ ವರ್ಷಕ್ಕೆ ಇಳಿಸಬೇಕು. ಆ ರೇಖೆ ಕ್ರಿಸ್ತಪೂರ್ವ 800ರಿಂದ 400ರವರೆಗೆ ಹೆಚ್ಚುಕಡಿಮೆ ಚಪ್ಪಟೆ. ಆ ನಾಲ್ಕು ಶತಮಾನದಲ್ಲಿ ಯಾವಾಗ ಸುಟ್ಟ ಕಾಳಾದರೂ ಒಂದೇ ಉತ್ತರ ಕೊಡುತ್ತದೆ. ನಮ್ಮ ದಕ್ಷಿಣದ ಕಬ್ಬಿಣಯುಗದ ದೊಡ್ಡ ಪಾಲು, ಊರುಗಳು ಪಟ್ಟಣವಾಗತೊಡಗಿದ ಕಾಲ, ಬಿದ್ದಿರುವುದೇ ಈ ಬಯಲಿನಲ್ಲಿ. ಎಷ್ಟು ದುಬಾರಿ ಯಂತ್ರವಾದರೂ ಇಲ್ಲಿ ಒಂದು ಸ್ಯಾಂಪಲ್ಲಿನಿಂದ ಬಿಗಿ ಉತ್ತರ ಬರುವುದಿಲ್ಲ. ಒಂದರ ಮೇಲೊಂದು ಪದರದಿಂದ ನಾಲ್ಕಾರು ಅಳತೆ ತೆಗೆದು, ಯಾವುದು ಕೆಳಗೆ ಯಾವುದು ಮೇಲೆ ಎಂಬುದನ್ನೂ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಸೇರಿಸಿದರೆ ಸ್ವಲ್ಪ ಬಿಗಿಯಾಗುತ್ತದೆ.

ಇಂಥದೇ ಇನ್ನೊಂದು ಕೆಸರು 1650ರಿಂದ 1950ರವರೆಗೆ ಇದೆ. ಸದಾಶಿವ ಪೇಟೆಯ ಹಿರಿಯರಿಗೆ ಇದನ್ನೇ ಹೇಳಿದೆ. ಶನಿವಾರವಾಡೆ ಕಟ್ಟಲು ಶುರುವಾದದ್ದು 1730ರಲ್ಲಿ. ಆ ಕಾಲದ ಮರವನ್ನು ಕಳಿಸಿದರೆ ಉತ್ತರ ಎರಡು ಮೂರು ತುಂಡಾಗಿ ಬರುತ್ತದೆ: ಸ್ವಲ್ಪ ಹದಿನೇಳನೇ ಶತಮಾನದ ಕೊನೆ, ಸ್ವಲ್ಪ ಹದಿನೆಂಟು, ಸ್ವಲ್ಪ ಹತ್ತೊಂಬತ್ತು. ಅಷ್ಟು ದುಡ್ಡು ಕೊಟ್ಟು ಇದನ್ನು ಕೇಳಬೇಕೇ?

ಬಿಸಿಲು ಕಾಣದ ಮರಳು

ಇದ್ದಿಲಿಲ್ಲ, ಎಲುಬಿಲ್ಲ, ಬರೀ ಮರಳು ಮತ್ತು ಕಲ್ಲಿನ ಆಯುಧ. ಅಂಥಲ್ಲಿ ಓಎಸ್‌ಎಲ್, ಅಂದರೆ ಕಣಗಳ ಮೇಲೆ ಬೆಳಕು ಬಿಟ್ಟು ಅವು ಹೊಮ್ಮಿಸುವ ಮಿನುಗನ್ನು ಅಳೆಯುವುದು. ಇದನ್ನು ನಾನು ಹುಂಡಿಯ ಲೆಕ್ಕ ಎನ್ನುತ್ತೇನೆ. ಹುಂಡಿಯಲ್ಲಿ ಎಷ್ಟು ಹಣವಿದೆ ಎಣಿಸಿ, ದಿನಕ್ಕೆ ಎಷ್ಟು ಬೀಳುತ್ತದೆ ಎಂದು ನೋಡಿ, ಭಾಗಿಸಿದರೆ ಹಿಂದಿನ ಸಲ ಖಾಲಿ ಮಾಡಿದ್ದು ಎಂದು ಎಂಬುದು ತಿಳಿಯುತ್ತದೆ. ಮರಳಿನ ಸ್ಫಟಿಕದ ಕಣ ಸುತ್ತಲಿನ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಹೊಮ್ಮಿಸುವ ವಿಕಿರಣವನ್ನು ವರ್ಷವರ್ಷವೂ ಕೂಡಿಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದರೆ ಹುಂಡಿ ಖಾಲಿ. ಹಾಗಾಗಿ ಇದು ಹೇಳುವುದು ಆ ಕಣ ಕೊನೆಗೆ ಬಿಸಿಲು ಕಂಡು ಮುಚ್ಚಿಹೋದ ಕಾಲವನ್ನು. ಮಡಕೆ, ಇಟ್ಟಿಗೆಗೆ ಬಿಸಿಲಿನ ಬದಲು ಆವಿಗೆಯ ಬೆಂಕಿ. ಬಿಸಿ ಮಾಡಿ ಅಳೆಯುವ ಆ ಬಗೆಗೆ ಟಿಎಲ್ ಎನ್ನುತ್ತಾರೆ. ಮಡಕೆ ಸುಟ್ಟ ದಿನವನ್ನೇ ನೇರವಾಗಿ ಹಿಡಿಯುವ ದಾರಿ ಅದು. ಇದ್ದಿಲಿನ ಹಾಗೆ 'ಪಕ್ಕದಲ್ಲಿ ಸಿಕ್ಕಿತು, ಹಾಗಾಗಿ ಅದೇ ಕಾಲ' ಎಂಬ ಊಹೆ ಬೇಡ.

ಮರಳು ತೆಗೆಯುವುದು ಒಂದು ಸಣ್ಣ ನಾಟಕ. ಗುಂಡಿಯ ಗೋಡೆಯನ್ನು ಒಂದಿಷ್ಟು ಕೆರೆದು ಹೊಸ ಮುಖ ಮಾಡುತ್ತಾರೆ. ಒಂದು ಗೇಣಿನ ಕಬ್ಬಿಣದ ಕೊಳವೆಯನ್ನು ಸುತ್ತಿಗೆಯಿಂದ ಅಡ್ಡಕ್ಕೆ ಹೊಡೆದು ಕೂರಿಸುತ್ತಾರೆ. ಕಪ್ಪು ಬಟ್ಟೆ ಹೊದ್ದುಕೊಂಡು ಹೊರಕ್ಕೆ ಎಳೆದು, ತಕ್ಷಣ ಎರಡೂ ಬಾಯಿಗೆ ಕಪ್ಪು ಟೇಪು. ಲ್ಯಾಬಿನಲ್ಲಿ ಮಂದ ಕೆಂಪು ದೀಪದಲ್ಲಿ ಬಿಚ್ಚಿ, ಬೆಳಕು ತಗುಲಿದ ತುದಿಗಳನ್ನು ಬಿಸಾಕಿ ನಡುವಿನದನ್ನು ಮಾತ್ರ ಬಳಸುತ್ತಾರೆ. ಅದೇ ಜಾಗದ ಮಣ್ಣು ಇನ್ನೊಂದು ಚೀಲದಲ್ಲಿ ಬೇಕು, ದಿನಕ್ಕೆ ಹುಂಡಿಗೆ ಎಷ್ಟು ಬೀಳುತ್ತದೆ ಎಂದು ನೋಡಲು. ಮಣ್ಣಿನ ತೇವವೂ ಲೆಕ್ಕಕ್ಕೆ ಬರುತ್ತದೆ, ನೀರು ವಿಕಿರಣವನ್ನು ತಡೆಯುವುದರಿಂದ. ಮೂರು ಸಾವಿರ ವರ್ಷದಲ್ಲಿ ಆ ಜಾಗ ಎಷ್ಟು ಒದ್ದೆಯಾಗಿತ್ತು ಎಂದು ಯಾರಿಗೆ ಗೊತ್ತು? ಅಂದಾಜು ಮಾಡುತ್ತಾರೆ. ಅದಕ್ಕೇ ಓಎಸ್‌ಎಲ್ ಉತ್ತರದಲ್ಲಿ ಶೇಕಡಾ 5ರಿಂದ 10ರ ಅಳ್ಳಕ ಸಾಮಾನ್ಯ.

ಈ ಶೇಕಡಾವಾರು ಮಾತನ್ನು ಸರಿಯಾಗಿ ಗಮನಿಸಿ, ಆಯ್ಕೆ ನಿಂತಿರುವುದು ಇಲ್ಲೇ. 2,500 ವರ್ಷದ ಮಡಕೆಗೆ ಶೇಕಡಾ 8 ಎಂದರೆ ಆಚೆಗೆ ಈಚೆಗೆ ಇನ್ನೂರು ವರ್ಷ. ಸಾಮಾನ್ಯವಾಗಿ ಇಂಗಾಲದ ಮುಂದೆ ಇದು ಸೋಲುತ್ತದೆ. ಆದರೆ ಕ್ರಿಸ್ತಪೂರ್ವ 800-400ರ ಆ ಚಪ್ಪಟೆ ಬಯಲಿನಲ್ಲಿ ಇಂಗಾಲವೂ ಅಷ್ಟೇ ಅಳ್ಳಕ. ಅಲ್ಲಿ ಟಿಎಲ್ ಸಮಸಮ ನಿಲ್ಲುತ್ತದೆ, ಬೇರೆ ಸಾಕ್ಷಿಯಾಗಿ ಕೂತು ತೀರ್ಮಾನ ಮಾಡಿಕೊಡುವುದೂ ಉಂಟು. 60,000 ವರ್ಷದ ಮರಳಿಗೋ, ಇಂಗಾಲ ಆಟದಲ್ಲೇ ಇಲ್ಲ. ಅದಕ್ಕೂ ಆಚೆ ಹೋದರೆ ಹುಂಡಿ ತುಂಬಿ ಹೊರಗೆ ಚೆಲ್ಲುತ್ತದೆ. ಸ್ಫಟಿಕಕ್ಕೆ ಒಂದೆರಡು ಲಕ್ಷ ವರ್ಷವೇ ಹೆಚ್ಚು, ಫೆಲ್ಡ್‌ಸ್ಪಾರ್ ಎಂಬ ಇನ್ನೊಂದು ಖನಿಜದ ಕಣಗಳಿಗೆ ಇನ್ನಷ್ಟು. ಚೆನ್ನೈ ಬಳಿಯ ಅತ್ತಿರಂಪಾಕ್ಕಂನ ಕಲ್ಲಿನ ಆಯುಧಗಳ ಪದರಕ್ಕೆ 2018ರಲ್ಲಿ ಪ್ರಕಟವಾದ 3,85,000 ವರ್ಷ ಈ ಬೆಳಕಿನ ವಿಧಾನದಿಂದಲೇ ಬಂದದ್ದು.

ಲಕ್ಷಗಳ ಲೆಕ್ಕ, ಮತ್ತು ಬೋರಿಯ ಬೂದಿ

ಲಕ್ಷಾಂತರ ವರ್ಷದ ಮಾತು ಬಹಳ ಜನರಿಗೆ ಬೇಕಾಗುವುದಿಲ್ಲ, ಬೇಗ ಮುಗಿಸುತ್ತೇನೆ. ಹುಣಸಗಿ ಸೀಮೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನೇ ಅಗೆದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್‌ಗೆ ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್) ಮಾಡಿಸಿದಾಗ ಸುಮಾರು 12 ಲಕ್ಷ ವರ್ಷ ಬಂತು. ಅದೂ ಒಂದು ಥರದ ಹುಂಡಿ ಲೆಕ್ಕವೇ. ಜ್ವಾಲಾಮುಖಿಯ ಬೂದಿ ಇದ್ದರೆ ಆರ್ಗಾನ್ ಅಳತೆ: ಅದರೊಳಗಿನ ಪೊಟ್ಯಾಸಿಯಂ ಕರಗಿ ಎಷ್ಟು ಆರ್ಗಾನ್ ಅನಿಲ ಕೂಡಿದೆ ಎಂದು ನೋಡುವುದು.

ಬೂದಿ ನಮ್ಮ ಪುಣೆ ಜಿಲ್ಲೆಯಲ್ಲೇ ಇದೆ, ಜುನ್ನರ್ ತಾಲೂಕಿನ ಬೋರಿಯಲ್ಲಿ, ಕುಕಡಿ ನದಿಯ ದಂಡೆಗೆ. ಕಲ್ಲಿನ ಆಯುಧಗಳೂ ಅಲ್ಲೇ ಸಿಕ್ಕಿವೆ. ಪೊಟ್ಯಾಸಿಯಂ-ಆರ್ಗಾನ್ ಅಳತೆ ಸುಮಾರು 14 ಲಕ್ಷ ವರ್ಷ ಎಂದಿತು. ಆಮೇಲೆ ಆರ್ಗಾನ್-ಆರ್ಗಾನ್ 6.7 ಲಕ್ಷ ಎಂದಿತು. ಬೂದಿಯ ಗಾಜಿನ ರಾಸಾಯನಿಕ ಗುಣ ನೋಡಿದವರು, ಇದು ಸುಮಾತ್ರಾದ ಟೋಬಾ ಸುಮಾರು 74,000 ವರ್ಷದ ಹಿಂದೆ ಉಗುಳಿದ ಬೂದಿ ಎಂದರು. ಒಂದೇ ಬೂದಿ, ಮೂರು ಜಾತಕ! ಸುತ್ತ ಇರುವ ದಖನ್ನಿನ ಕಪ್ಪು ಬಸಾಲ್ಟ್ 6.6 ಕೋಟಿ ವರ್ಷದ್ದು, ಅದರ ಒಂದು ಕಣ ಬೂದಿಗೆ ಬೆರೆತರೂ ಆರ್ಗಾನ್ ವಯಸ್ಸು ಮೇಲಕ್ಕೆ ಜಿಗಿಯುತ್ತದೆ. ನನಗೆ ಟೋಬಾದ ಕಡೆಗೇ ಒಲವು. ಆದರೆ ಈ ಮಾತಿಗೆ ಯೆರವಡಾದಲ್ಲಿ ಜಗಳಕ್ಕೆ ಬರುವವರು ಇದ್ದಾರೆ.

ಅಕ್ಕನ ಮಗನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸುರ್ಲಾದ ಗುಡಿಯೂ ಬಸಾಲ್ಟಿನದು. ಆ ಕಲ್ಲಿನಲ್ಲಿ ಇಂಗಾಲವಿಲ್ಲ. ಆರ್ಗಾನ್ ಮಾಡಿಸಿದರೆ ಲಾವಾ ಆರಿದ ಕಾಲ ಬರುತ್ತದೆ, ಕೋಟಿಗಳ ಲೆಕ್ಕದಲ್ಲಿ. ಶಿಲ್ಪಿಯ ಉಳಿಗೆ ಯಾವ ಗಡಿಯಾರವೂ ಇಲ್ಲ. ಅಲ್ಲಿ ಶೈಲಿಯೇ ಗತಿ: ಕಂಬದ ತಿರುವು, ಛಾವಣಿಯ ಕಮಲ, ಕದಂಬರ ಬೇರೆ ಗುಡಿಗಳ ಜೊತೆ ಹೋಲಿಕೆ. ಹನ್ನೆರಡೋ ಹದಿಮೂರೋ ಎನ್ನುವಷ್ಟು ಅಳ್ಳಕ ಅದಕ್ಕೇ ಉಳಿದಿದೆ. ಗೋವಾದ ಕುಶಾವತಿ ದಂಡೆಯ ಉಸಗಳಿಮಳದಲ್ಲಿ ಬಂಡೆಯ ಮೇಲೆ ಕೊರೆದ ಚಿತ್ರಗಳ ಕಷ್ಟವೂ ಇದೇ.

ಮರದ ಉಂಗುರ ಎಣಿಸುವುದು ವರ್ಷಕ್ಕೆ ವರ್ಷ ಹೇಳುವ ದಾರಿ. ಸಾಗವಾನಿಗೆ ಒಳ್ಳೆಯ ಉಂಗುರಗಳಿವೆ. ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಳೆಯ ಚರಿತ್ರೆಗಾಗಿ ಅವನ್ನು ಓದುತ್ತಾರೆ. ಆದರೆ ಆ ಸರಣಿ ಹಿಂದಕ್ಕೆ ಹೋಗುವುದು ಕೆಲವು ಶತಮಾನ ಮಾತ್ರ. ತೊಲೆಯನ್ನು ಹೋಲಿಸಿ ನೋಡಬೇಕಾದರೆ ಅದೇ ಸೀಮೆಯ ಮರಗಳ ಸರಣಿ ಬೇಕು, ತೊಲೆಯಲ್ಲಿ ಸಾಕಷ್ಟು ಉಂಗುರವೂ ಇರಬೇಕು, ಹೊರ ಅಂಚು ಕೆತ್ತಿಹೋಗಿರಬಾರದು. ವಾಡೆಯ ತೊಲೆಗಳನ್ನು ನಾಲ್ಕೂ ಕಡೆ ಚೌಕ ಮಾಡಿಯೇ ಏರಿಸುತ್ತಿದ್ದರು.

ಕೆಲವರು ಕಾಲ ಕೇಳುತ್ತಾರೆ, ಅವರಿಗೆ ಬೇಕಿರುವುದು ಬೇರೆ. ಕೋಟೆಯ ಫಿರಂಗಿಯ ಲೋಹ ಯಾವ ಮಿಶ್ರಣ ಎಂದು ಎಕ್ಸ್‌ಆರ್‌ಎಫ್ ಎಂಬ ಕ್ಷ-ಕಿರಣದ ಯಂತ್ರ ಗೀರೂ ಬೀಳದಂತೆ ಹೇಳುತ್ತದೆ. ಗೋರಿಯವರು ಏನು ತಿನ್ನುತ್ತಿದ್ದರು ಎಂಬುದಕ್ಕೆ ಎಲುಬಿನ ಐಸೊಟೋಪು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ಲೆಕ್ಕ. ಡಿಎನ್‌ಎ ಬಗ್ಗೆ ಆಸೆ ಇಟ್ಟುಕೊಂಡವರಿಗೆ ಒಂದೇ ಲೆಕ್ಕ: 2019ರಲ್ಲಿ ಪ್ರಕಟವಾದ, ಹರಿಯಾಣಾದ ಹರಪ್ಪಾ ಕಾಲದ ಊರು ರಾಖಿಗಢಿಯ ಅಧ್ಯಯನಕ್ಕೆ 61 ಸ್ಯಾಂಪಲ್ ಪರೀಕ್ಷಿಸಿ ಒಂದರಿಂದ ಮಾತ್ರ ಕೆಲಸಕ್ಕೆ ಬರುವ ಡಿಎನ್‌ಎ ಸಿಕ್ಕಿತು.

ಮೂವರಿಗೂ ಹೇಳಿದ್ದು

ಹಿರಿಯರಿಗೆ: ತೊಲೆಗೆ ಬಿಡಿಗಾಸು ಖರ್ಚು ಮಾಡಬೇಡಿ. ಹಳೇ ಮನೆ ಬಿಚ್ಚಿದ ತೊಲೆಯನ್ನೇ ಹೊಸ ಮನೆಗೆ ಹಾಕುವ ರೂಢಿ ಬೇರೆ ಇತ್ತು. ಅಟ್ಟದ ಪೆಟ್ಟಿಗೆಯಲ್ಲಿ ಹಳೇ ಮರಾಠಿಯ ಮೋಡಿ ಲಿಪಿಯ ಕಾಗದ ಇದ್ದರೆ ಭಾರತ ಇತಿಹಾಸ ಸಂಶೋಧಕ ಮಂಡಳಕ್ಕೆ ಒಯ್ದು ಓದುವವರು ಯಾರಾದರೂ ಸಿಗುತ್ತಾರೆಯೇ ಕೇಳಿ. ಒಂದು ಖರೀದಿಪತ್ರ ಸಿಕ್ಕರೆ ಸಾಕು. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ, ಬಿಲ್ಡರಿಗೆ ತೋರಿಸಲು ಯಂತ್ರದ ಕಾಗದವೇ ಆಗಬೇಕಿತ್ತೇನೋ.

ಹುಡುಗಿಯ ಪಟ್ಟಿಗೆ ಒಂದು ಗಂಟೆ ಹಿಡಿಯಿತು. ನಿನ್ನ ಪ್ರಶ್ನೆ ಏನು ಎಂದೆ. "ಊರ ಯಾವಾಗ ಕೂಡಿತು, ಕಬ್ಬಿಣ ಯಾವಾಗ ಬಂತು." ಹಾಗಾದರೆ ಚಿಪ್ಪು ಬಿಡು. ಕಂಬದ ಇದ್ದಿಲು ಬಿಡು, ಸಡಿಲ ಮಣ್ಣಿನ ಇದ್ದಿಲು ಬಿಡು. ಎಲುಬಿಗೆ ಮೊದಲು ನೈಟ್ರೋಜನ್ ನೋಡಿಸು. ಮರಳು ಹೇಳುವುದು ಊರು ಬರುವ ಮೊದಲಿನ ಹೊಳೆಯ ಕಥೆ, ಅದು ನಿನ್ನ ಪ್ರಶ್ನೆಯಲ್ಲ. ಹಗೇವಿನ ತಳದ ಹುರುಳಿ ಮೊದಲನೆಯದು. ಕಬ್ಬಿಣದ ಪದರದಲ್ಲಿ ಸಿಕ್ಕ ಒಲೆಯ ಪುಳ್ಳೆಯ ಇದ್ದಿಲು ಎರಡನೆಯದು. ಮೂರನೆಯದನ್ನು ಈಗಲೇ ಕಳಿಸಬೇಡ. ಎರಡರ ಉತ್ತರ ಬರಲಿ. ಪುಳ್ಳೆ ಕ್ರಿಸ್ತಪೂರ್ವ 1000ದ ಹತ್ತಿರ ಬಂದರೆ, ಅದು ಒಂಟಿ ಅಂಕಿಯಾಗಿ ನಿಲ್ಲದಂತೆ ಅದೇ ಪದರದಿಂದ ಇನ್ನೊಂದು ಕಾಳು ಹುಡುಕಿ ಕಳಿಸು. 800-400ರ ಬಯಲಿಗೆ ಬಿದ್ದರೆ ಮಡಕೆಚೂರಿಗೆ ಟಿಎಲ್ ಮಾಡಿಸು.

"ಮೂರೂ ಕೂಡೇ ಕಳಸ್ರಿ ಅಂತ ಗೈಡ್ ಹೇಳ್ಯಾರ್ರಿ, ವರ್ಷದೊಳಗ ರೊಕ್ಕ ಖರ್ಚ ಮಾಡಬೇಕಂತ." ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮಾರ್ಚ್ ತಿಂಗಳಿಗೆ ಯಾವ ವಿಜ್ಞಾನವೂ ಎದುರು ನಿಲ್ಲುವುದಿಲ್ಲ. ಕೊನೆಗೆ ಎರಡು ಈಗ, ಇನ್ನೊಂದು ಜನವರಿಯೊಳಗೆ ಎಂದು ಗೈಡಿಗೆ ಬರೆದು ಕೇಳುವುದು ಎಂದಾಯಿತು.

ಏಳುವಾಗ ಹುರುಳಿಯ ಡಬ್ಬಿ ತೆಗೆದು ತೋರಿಸಿದಳು. ಕಾಳುಗಳು ಹತ್ತಿಯ ಮೇಲೆ ಕೂತಿದ್ದವು, ಜೊತೆಗೆ ಮಡಿಸಿದ ಕಾಗದದ ಚೀಟಿ. ಹತ್ತಿಯೂ ಇಂಗಾಲವೇ, ಕಾಗದವೂ ಇಂಗಾಲವೇ. ಅಲ್ಯೂಮಿನಿಯಂ ಹಾಳೆ ತಂದು ಕಾಳನ್ನು ಅದರಲ್ಲಿ ಮಡಿಸು, ಪ್ಲಾಸ್ಟಿಕ್ ಚೀಲಕ್ಕೆ ಹಾಕು, ಆ ಚೀಲವನ್ನು ಇನ್ನೊಂದು ಚೀಲಕ್ಕೆ. ಚೀಟಿ ಎರಡು ಚೀಲಗಳ ನಡುವೆ ಇರಲಿ ಎಂದೆ. ಚಹಾದಂಗಡಿಯವನು ವಡಾಪಾವ್ ಕಟ್ಟಲು ಇಟ್ಟುಕೊಂಡಿದ್ದ ಹಾಳೆಯನ್ನೇ ಕೇಳಲು ಎದ್ದಳು. ಎಣ್ಣೆ ಕೈಯ ಹಾಳೆ ಬೇಡ, ಹೊಸ ಸುರುಳಿಯೇ ತಗೋ ಎಂದು ಎದುರಿನ ಕಿರಾಣಿ ಅಂಗಡಿಗೆ ಕಳಿಸಿದೆ.